ಎಲ್ಲಿಗೆ ಎಂದು ನಾನು ಕೇಳಲಿಲ್ಲ

ಲಿಬಿಯಾದ ಸರ್ವಾಧಿಕಾರಿಯ ಕೊನೆಯ ದಿನಗಳನ್ನು ನಾನು ಕಣ್ಣಾರೆ ಕಂಡವನು. ನರೇಗಲ್ಲಿನ ಚಹಾದಂಗಡಿಯಲ್ಲಿ ಕೂತರೆ ಇವತ್ತಿಗೂ ಜನ ಅದನ್ನೇ ಕೇಳುತ್ತಾರೆ. ಕೇಳಲಿ, ಹೇಳುತ್ತೇನೆ.

ರಾಜಧಾನಿಯ ಅಂಚಿನಲ್ಲಿ ನಾನು ವೆಲ್ಡರ್ ಆಗಿದ್ದೆ. ಯುದ್ಧ ಶುರುವಾದಾಗ ನಮ್ಮವರು ಬಹಳ ಮಂದಿ ಮರಳಿದರು. ಪಾಸ್‌ಪೋರ್ಟು ಮಾಲೀಕನ ಹತ್ತಿರ ಸಿಕ್ಕಿಬಿದ್ದಿದ್ದರಿಂದ ನಾನೂ ಕೊಣ್ಣೂರಿನ ಗೆಳೆಯನೂ ಒಂದೇ ಕೋಣೆಯಲ್ಲಿ ಉಳಿದೆವು. ನಾವು ರೊಟ್ಟಿ ತರುತ್ತಿದ್ದ ಭಟ್ಟಿಯ ಗೋಡೆಯ ಮೇಲೆ ಆ ನಾಯಕನ ದೊಡ್ಡ ಫೋಟೋ ಇತ್ತು. ಒಂದು ದಿನ ನೋಡಿದರೆ ಬರೀ ಮೊಳೆ. ಮರುದಿನ ಫೋಟೋ ಮತ್ತೆ ಹಾಜರು. ಮೂರನೆಯ ದಿನ ಮತ್ತೆ ಇಲ್ಲ. ಯಾರು ಗೆಲ್ಲುತ್ತಾರೆಂದು ಭಟ್ಟಿಯ ಮುದುಕನಿಗೂ ಗೊತ್ತಿರಲಿಲ್ಲ, ಪಾಪ. ಆಮೇಲೆ ನೀರು ನಿಂತಿತು, ಫೋನು ಸತ್ತಿತು, ಗುಂಡಿನ ಸಪ್ಪಳ ನಮ್ಮ ಓಣಿಗೇ ಬಂತು.

ಅಂಥ ಒಂದು ಮುಂಜಾನೆ ಗೆಳೆಯ ಒಳ್ಳೆಯ ಅಂಗಿ ತೊಟ್ಟು ಬಾಗಿಲಲ್ಲಿ ನಿಂತ. ಕೈಯಲ್ಲಿ ಚೀಲವಿರಲಿಲ್ಲ.

"ಬರ್ತೀನಿಪಾ" ಅಂದ.

ಎಲ್ಲಿಗೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ನುಂಗಿದೆ. ಹೊರಟವರನ್ನು ಎಲ್ಲಿಗೆಂದು ಕೇಳಿದರೆ ಹೋದ ಕೆಲಸ ಕೆಡುತ್ತದೆಂದು ಅವ್ವ ಬಾಯಿಗೆ ಹೊಡೆದು ಕಲಿಸಿದ್ದಳು. ಗುಂಡು ಹಾರುವ ಊರಲ್ಲಿ ನನಗೆ ಅಪಶಕುನದ ಚಿಂತೆ! ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. "ಲಗೂ ಬಾ" ಎಂದಷ್ಟೇ ಅಂದೆ.

ಅವನು ಬರಲಿಲ್ಲ. ಬಂದರಿಗೆ ಹೋದನೋ, ಮಾಲೀಕನ ಮನೆಗೋ, ನೀರು ಹುಡುಕಿಕೊಂಡೋ? ಯಾವ ದಾರಿ ಹಿಡಿಯಬೇಕೆಂದು ತಿಳಿಯದೆ ಎಲ್ಲ ಕಡೆ ಅರ್ಧಂಬರ್ಧ ಹುಡುಕಿದೆ. ಅಷ್ಟರಲ್ಲಿ ಊರಿನ ಬಾವುಟ ಬದಲಾಯಿತು, ನನ್ನನ್ನು ಒಂದು ಹಡಗಿಗೆ ಹತ್ತಿಸಿದರು.

ಮೊನ್ನೆ ಅವನ ಹೆಂಡತಿ ವಕೀಲರ ಕಾಗದ ಹಿಡಿದು ಮನೆಗೆ ಬಂದಳು. ಅವನು ಸತ್ತನೆಂದು ಕೋರ್ಟು ಒಪ್ಪಬೇಕಾದರೆ, ಕೊನೆಗೆ ಕಂಡವನ ಸಹಿ ಬೇಕಂತೆ.

"ಸಹಿ ಆಮ್ಯಾಲೆ ಮಾಡ್ರಿ ಅಣ್ಣಾರ. ಖರೇ ಹೇಳ್ರಿ, ಎಲ್ಲಿಗಂತ ಹೋದ್ರು?"

"ನಾ ಕೇಳಲಿಲ್ಲ ತಂಗಿ."

"ನನ್ನ ಜೀವಕ್ಕ ತ್ರಾಸ ಆಗ್ತದಂತ ಮುಚ್ಚಿಡಬ್ಯಾಡ್ರಿ."

"ದೇವರಾಣಿ. ಕೇಳಬಾರದಂತ ಸುಮ್ಮನಾದೆ."

ಇಷ್ಟು ವರ್ಷ ನನಗೇನೋ ಗೊತ್ತಿದೆ, ಒಂದು ದಿನ ಬಾಯಿಬಿಡುತ್ತೇನೆ ಎಂದು ಅವಳು ಕಾದಿದ್ದಳಂತೆ. ಆ ಒಂದು ಆಸೆಯನ್ನೂ ನಾನೇ ಕಿತ್ತುಕೊಂಡೆ. ಮುಖವೆತ್ತಿ ನೋಡಲಾಗದೆ ಸಹಿ ಮಾಡಿದೆ. ಅವಳು ಚಹಾ ಮುಟ್ಟದೆ ಎದ್ದು ಚಪ್ಪಲಿ ಮೆಟ್ಟಿದಳು. ಹೊರಗೆ ರಣಬಿಸಿಲು. ನನಗೆ ಗಾಬರಿಯಾಯಿತು.

"ಎಲ್ಲಿಗೆ ಹೊಂಟಿ ತಂಗಿ?"

ಒಳಗಿನಿಂದ ನನ್ನ ಹೆಂಡತಿ, "ಅಯ್ಯ, ಹಂಗ ಕೇಳಬಾರದ್ರಿ!" ಅಂದಳು.

ಬಂದವಳು ಹೊಸ್ತಿಲಲ್ಲೇ ನಿಂತು ತಿರುಗಿ ನೋಡಿದಳು.

"ಇದನ್ನ ಅವತ್ತ ಕೇಳಬೇಕಿತ್ತಲ್ರಿ, ಅಣ್ಣಾರ."