ಹಿಂದೆ ತಿರುಗಿದ ನವಿಲು

ಇವತ್ತು ಬೆಳಿಗ್ಗೆ ಟ್ರಂಕಿನ ಮುಚ್ಚಳ ತೆಗೆದದ್ದೇ ತಡ, ಹಳೇ ರೇಷ್ಮೆ ಸೀರೆಯ ವಾಸನೆ ಮೂಗಿಗೆ ಬಡಿಯಿತು. ಮೊಳಕಾಲ್ಮೂರಿನ ನಮ್ಮ ಪಕ್ಕದ ಮನೆಯ ಅತ್ತಮ್ಮ ಎದುರಿಗೇ ಬಂದು ಕೂತಂತಾಯಿತು! ಸ್ವಂತ ಅತ್ತೆಯಲ್ಲ, ಓಣಿಯ ಮಕ್ಕಳಿಗೆಲ್ಲ ಅವಳು ಅತ್ತಮ್ಮ. ಓದು ಬಾರದವಳು, ಆದರೆ ಕಥೆಯೆಂದರೆ ಪ್ರಾಣ.

ನಾನಾಗ ಏಳನೇ ಕ್ಲಾಸು. ಶಾಲೆಯಿಂದ ತಂದ ಹಳೇ ಕಾದಂಬರಿಗಳನ್ನು ಅವಳ ಮಗ್ಗದ ಪಕ್ಕ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಕಥೆಯಲ್ಲಿ ದುಷ್ಟರು ಬಂದರೆ ಲಾಳಿಯ ಓಟ ಜೋರು; ಮಗು ಅಳತೊಡಗಿದರೆ ಲಾಳಿ ನಿಂತೇ ಹೋಗುತ್ತಿತ್ತು. ನಮ್ಮ ಮನೆಯಲ್ಲೋ, ಅಪ್ಪನ ಮಗ್ಗದ ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತಲು ಕೈ ಸಾಲದೆ, ಪರೀಕ್ಷೆ ಮುಗಿದೊಡನೆ ನನ್ನನ್ನು ಶಾಲೆ ಬಿಡಿಸುವುದೆಂದು ಅವ್ವ ಹೇಳಿಬಿಟ್ಟಿದ್ದಳು. ಅಳು ನುಂಗಿಕೊಂಡೇ ಓದುತ್ತಿದ್ದೆ…

ಅವತ್ತಿನ ಕಥೆಯಲ್ಲೊಬ್ಬ ತಬ್ಬಲಿ ಹುಡುಗ. ಪುಸ್ತಕದ ತುಂಬ ಹಸಿವು. ಕೊನೇ ಅಧ್ಯಾಯದಲ್ಲಿ ಎಲ್ಲಿಂದಲೋ ಸಾಹುಕಾರ ಮಾವ ಬಂದು ಅವನನ್ನು ಶಾಲೆಗೆ ಸೇರಿಸಿದ. ನಾನು ಖುಷಿಯಿಂದ ಪುಸ್ತಕ ಮುಚ್ಚಿದರೆ ಅತ್ತಮ್ಮ ಕೆಂಡಾಮಂಡಲ!

"ಥೂ, ಇದೇನ್ ಕತೆನೇ! ಅವ್ನಿಗೆ ಮಾವ ಸಿಕ್ದ. ನಿಂಗ್ಯಾರೇ ಬರ್ತಾರೆ?"

ಎಂದವಳೇ ಕಾಲಿಳಿಬಿಟ್ಟು ಕೂತಿದ್ದ ಮಗ್ಗದ ಗುಂಡಿಯಿಂದೆದ್ದು, ಸೆರಗು ಸಿಕ್ಕಿಸಿಕೊಂಡು, ಸೀದಾ ನಮ್ಮ ಅಡುಗೆಮನೆಗೆ ನುಗ್ಗಿದಳು. ಅವ್ವ ಮುದ್ದೆ ಕಟ್ಟುತ್ತಿದ್ದಳು.

"ಅಕ್ಕಾ, ಇವ್ಳಿಗೆ ಸಾವ್ಕಾರ ಮಾವ ಯಾರೂ ಬರಲ್ಲ. ನಾನೇ ಬಂದೀನಿ. ನಿಮ್ಮನೆ ಕಂಡಿಕೆ ದಿನಾ ನಾನ್ ಸುತ್ತಿ ಕೊಡ್ತೀನಿ. ಹುಡ್ಗಿ ಓದ್ಲಿ ಬಿಡಕ್ಕ!"

ಅವ್ವ ಕೈಯಲ್ಲಿದ್ದ ಮುದ್ದೆಯನ್ನು ತಟ್ಟೆಗಿಟ್ಟಳು. ಆಮೇಲೆ, "ಆಯ್ತು ಕಣೆ, ಓದ್ಲಿ" ಅಂದಳು. ನಾನು ಓಣಿಯುದ್ದಕ್ಕೂ ಓಡಿದ್ದೇ ಓಡಿದ್ದು!

ಅದೇ ಆವೇಶದಲ್ಲಿ ಮಗ್ಗಕ್ಕೆ ಮರಳಿದ ಅತ್ತಮ್ಮ, ನೇಯುತ್ತಿದ್ದ ರೇಷ್ಮೆ ಸೀರೆಯ ಅಂಚಿನ ನವಿಲುಗಳ ಸಾಲಿನಲ್ಲಿ ಒಂದನ್ನು ಹಿಂದುಮುಂದಾಗಿ ನೇಯ್ದುಬಿಟ್ಟಳು. ನೂಲು ಕೊಟ್ಟು ನೇಯಿಸುವ ಮಾಲೀಕರು ಆ ಸೀರೆ ಬೇಡವೆಂದರು. "ನೀನ್ ಟೀಚರಾದಾಗ ಉಡೀವಂತೆ" ಎಂದು ಅತ್ತಮ್ಮ ನಗುತ್ತಾ ಅದನ್ನು ಎತ್ತಿಟ್ಟಳು. ನನ್ನ ಹೈಸ್ಕೂಲು ಮುಗಿಯುವವರೆಗೂ, ತನ್ನ ಮಗ್ಗಕ್ಕೆ ಕೂರುವ ಮೊದಲು, ದಿನಾ ನಮ್ಮ ಕಂಡಿಕೆ ಸುತ್ತಿದಳು.

ನನಗೆ ಚಳ್ಳಕೆರೆಯಲ್ಲಿ ಟೀಚರ್ ಕೆಲಸ ಸಿಕ್ಕಾಗ ಹೇಳಿದಂತೆಯೇ ಸೀರೆ ತಂದು ಕೊಟ್ಟಳು. ಎಲ್ಲಿ ಹಾಳಾಗುತ್ತದೋ ಎಂದು ನಾನು ಉಡದೇ ಇಟ್ಟೆ… ಅವಳು ಹೋಗಿ ಮೂರು ವರ್ಷವಾಯಿತು. ಒಂದು ಸಲ ಉಟ್ಟು ತೋರಿಸಬಾರದಿತ್ತೇ ನಾನು! ಆ ಸಂಕಟ ಹೋಗುವುದಿಲ್ಲ.

ಇವತ್ತು ಅದನ್ನು ಉಟ್ಟುಕೊಂಡೇ ಶಾಲೆಗೆ ಹೋದೆ. ಕ್ಲಾಸಿನಲ್ಲಿ ಅದೇ ತಬ್ಬಲಿ ಹುಡುಗನ ಕಥೆಯ ಕೊನೇ ಅಧ್ಯಾಯ ಓದಿದೆ. ಮುಗಿಯುತ್ತಲೇ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ಆ ಮಾವ ಬರ್ದೇ ಇದ್ದಿದ್ರೆ?"

ಪುಸ್ತಕ ಮುಚ್ಚಿಟ್ಟು, ಸೀರೆಯ ಅಂಚು ಕೈಗೆತ್ತಿಕೊಂಡು, ಅವಳಿಗೆ ತೋರಿಸಲೆಂದು ಹಿಂದೆ ತಿರುಗಿದ ಆ ಒಂದು ನವಿಲನ್ನು ಹುಡುಕತೊಡಗಿದೆ.