ಕರು ಬಿಟ್ರಾ?

ನೀವೇ ಹೇಳ್ರಪ್ಪಾ, ಇದರಲ್ಲಿ ನನ್ನ ತಪ್ಪೇನು?

ಮೊಮ್ಮಗಳು ನಳಿನ ಮಂಡ್ಯದ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಯಾವುದೋ ಹೊರದೇಶದ ಡೈರಿಯವನು, ಹಸು ಕರೆದ ಹಾಲಿನ ಲೆಕ್ಕ ಬರೆದಿಡಲು ಸಾಫ್ಟ್‌ವೇರ್ ಮಾಡಿಕೊಡಿ ಎಂದು ಇವರಿಗೆ ಒಪ್ಪಿಸಿದ್ದಾನೆ. "ತಾತ, ಹಾಲು ಕರೆಯೋಕೆ ಮೊದ್ಲು ಏನ್ ಮಾಡ್ತೀಯ?" ಎಂದು ಹೋದ ತಿಂಗಳು ಕೇಳಿದಳು. "ಕರು ಬುಡ್ತೀನಿ ಕಣವ್ವ" ಅಂದೆ. ಅದನ್ನೇ ಆ ಸಾಫ್ಟ್‌ವೇರಿನೊಳಗೆ ತುರುಕಿದ್ದಾಳೆ. "ಕರು ಬಿಟ್ರಾ?" ಎಂದು ಮೊದಲು ಕೇಳುತ್ತದಂತೆ, ಹೌದು ಎಂದು ಒತ್ತದಿದ್ದರೆ ಅದು ಹಾಲನ್ನೇ ಬರೆದುಕೊಳ್ಳುವುದಿಲ್ಲವಂತೆ.

ಇವತ್ತು ಮಧ್ಯಾಹ್ನ ನಮ್ಮ ನಿಡಘಟ್ಟದ ಮನೆ ಜಗಲಿಯಲ್ಲೇ ಕೂತು ಆ ಡೈರಿಯವನ ಜೊತೆ ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡುತ್ತಿದ್ದಳು. ಅವನು ಸಿಟ್ಟಿನಿಂದ ಕೆಂಪಗಾಗಿದ್ದ. ಅಲ್ಲಿ ಹಸು ಕರೆಯುವುದು ಮಿಷನ್ನು, ಕರುಗಳು ಬೇರೆ ಶೆಡ್ಡಿನಲ್ಲಿ. ಕೆಲಸವನ್ನೇ ಬೇರೆಯವರಿಗೆ ಕೊಡುತ್ತೇನೆ ಅಂದನಂತೆ. ಅವಳ ಮುಖ ಸಪ್ಪಗಾಯಿತು. ನನಗೆ ತಡೆಯಲಾಗಲಿಲ್ಲ, ಫೋನಿಗೆ ಮುಖ ಒಡ್ಡಿದೆ.

"ಕರು ಬುಡ್ದೆ ಹಾಲು ಕರೀತೀಯೇನ್ಲಾ? ನಿನ್ನ ತಾಯಿ ನಿಂಗೆ ಹಾಲು ಕುಡಿಸ್ನಿಲ್ವೇನ್ಲಾ?"

"ತಾತ, ಸುಮ್ಕಿರು!"

ತಾತ ಏನಂದರು ಎಂದು ಅವನು ಕೇಳಿದ. ಅವಳು ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ನಮ್ಮಲ್ಲಿ ಕರು ಮೊದಲು ಕುಡಿಯುತ್ತದೆ, ನಿಮ್ಮಲ್ಲಿ ಹೇಗೆ ಎಂದು ನಾವು ಕೇಳಲಿಲ್ಲ, ನೀವೂ ಹೇಳಲಿಲ್ಲ ಎಂದೂ ಸೇರಿಸಿದಳು. ಅವನು ಜೋರಾಗಿ ನಕ್ಕ. ಎರಡು ದಿನದಲ್ಲಿ ಆ ಪ್ರಶ್ನೆ ತೆಗೆದುಹಾಕಿ, ಸಾಕು ಅಂದ. ಕೆಲಸ ಉಳಿಯಿತು.

ಈಗ ಸಂಜೆಯ ಹಾಲು ಕರೆದು ಬಂದು ಕೂತಿದ್ದೇನೆ. ಅವನ ಕಂಪ್ಯೂಟರಿನಲ್ಲಿ ಕರುವಿಗೆ ಜಾಗವಿಲ್ಲವಂತೆ. ನಮ್ಮ ಕೊಟ್ಟಿಗೆಯಲ್ಲಿ ಇವತ್ತೂ ಅದೇ ಮೊದಲು ಕುಡಿಯಿತು.