ಬ್ಲೇಡಿನ ಮೇಲೆ ನಿಂತ ಚನ್ನಮ್ಮ

ಹರಿದಾಸರು ಚನ್ನಮ್ಮನನ್ನು ಮೊದಲು ಕಂಡದ್ದು ತಮ್ಮ ಹೋಟೆಲಿನ ಅಡುಗೆಮನೆಯ ಹಿಂಬಾಗಿಲಿನಿಂದ. ಮರಾಠಿ ಸೀಮೆಯ ಪಿಂಪಳಗಾಂವ್ ಬಸವಂತದ ಹೆದ್ದಾರಿಯ ಪಕ್ಕದಲ್ಲಿ, ಕರಾವಳಿಯಿಂದ ಬಂದ ಅವರು ನಡೆಸುತ್ತಿದ್ದ ಹೋಟೆಲು ಅದು. ಈರುಳ್ಳಿ ಲಾರಿಗಳು ನಿಲ್ಲುವುದಕ್ಕೆಂದು ಹಿಂದಿನ ಜಾಗವನ್ನು ಮಳೆಗಾಲಕ್ಕೆ ಮುಂಚೆ ಸಮ ಮಾಡಿಸುತ್ತಿದ್ದರು. ಟ್ರ್ಯಾಕ್ಟರಿನ ಸದ್ದು ಕೇಳಿ ಇಣುಕಿ ನೋಡಿದರೆ, ಅದರ ಹಿಂದೆ ಮಣ್ಣು ಹೆರೆಯುವ ಉದ್ದನೆಯ ಕಬ್ಬಿಣದ ಬ್ಲೇಡು; ಬ್ಲೇಡಿನ ಚೌಕಟ್ಟಿನ ಮೇಲೆ ಕಚ್ಚೆ ಬಿಗಿದು ನಿಂತ ಹೆಂಗಸೊಬ್ಬಳು! ಒಂದು ಕೈಯಲ್ಲಿ ಚಾಲಕನ ಸೀಟನ್ನು ಹಿಡಿದು, ದೋಣಿಯ ಮೇಲೆ ನಿಂತವಳಂತೆ ಅತ್ತಿತ್ತ ಓಲಾಡುತ್ತಿದ್ದಳು.

"ನಿಲ್ಲಿಸಿ ಮಾರಾಯ್ರೆ, ನಿಲ್ಲಿಸಿ!" ಎಂದು ಹರಿದಾಸರು ಹೆಗಲ ಮೇಲಿನ ಟವೆಲು ಬೀಸುತ್ತ ಓಡಿದರು. ಟ್ರ್ಯಾಕ್ಟರು ನಿಂತಿತು. "ಅಲ್ಲಮ್ಮಾ, ಅದರ ಮೇಲೆ ಎಂಥ ಮಾಡ್ತಿದ್ದೀರಿ ನೀವು?"

"ಬ್ಲೇಡಿಗೆ ವಜನಕ್ಕ, ಭಾರಕ್ಕ ನಿಂತೀನ್ರೀ ಅಣ್ಣಾರ," ಎಂದಳು ಆಕೆ, ದಿನಾ ಹೇಳುವ ಮಾತೆಂಬಂತೆ.

ಸೀಟಿನಲ್ಲಿದ್ದವನು ಅವಳ ಗಂಡ ಅಮಸಿದ್ದ. ಇಬ್ಬರೂ ಇಂಡಿ ತಾಲ್ಲೂಕಿನವರು. ಊರಲ್ಲಿ ನೆಲ ಸಮ ಮಾಡಲು ಎತ್ತುಗಳ ಹಿಂದೆ ಮರದ ಕೊರಡು ಕಟ್ಟಿದಾಗ ಅದರ ಮೇಲೆ ಯಾರಾದರೂ ನಿಲ್ಲುವುದು ರೂಢಿ. ಚನ್ನಮ್ಮ ಚಿಕ್ಕಂದಿನಿಂದ ನಿಂತವಳು. ಹಳೆಯ ಟ್ರ್ಯಾಕ್ಟರು ಕೊಂಡ ಮೇಲೆ ಮೊರಂ ಎಂಬ ಗಟ್ಟಿ ಗರಸು ಮಣ್ಣಿನ ನೆಲದಲ್ಲಿ ಬ್ಲೇಡು ಮಣ್ಣು ಕಚ್ಚದೆ ಪುಟಿಯತೊಡಗಿದಾಗ, ಯಾರೂ ಹೇಳದೆಯೇ ಹತ್ತಿ ನಿಂತಳು.

"ಎತ್ತಾದರೆ ಹೋ ಅಂದರೆ ನಿಲ್ತದೆ. ಇದಕ್ಕೆ ಕಿವಿ ಉಂಟಾ? ನೀವು ಜಾರಿ ಬಿದ್ದರೆ? ನನ್ನ ಜಾಗದಲ್ಲಿ ಇದು ಬೇಡ," ಎಂದರು ಹರಿದಾಸರು.

ಅಮಸಿದ್ದ ತಲೆ ತಗ್ಗಿಸಿದ. "ನಾನೂ ಅದನ್ನ ಹೇಳ್ತೀನ್ರಿ. ಕೇಳಬೇಕಲ್ಲ."

ಚನ್ನಮ್ಮನ ಮುಖ ಸಣ್ಣದಾಯಿತು. "ಹಂಗಾರ ನಾ ಏನು ಮಾಡ್ಲಿ? ನನ್ನ ಬದಲಿ ಕಲ್ಲು ಇಟ್ಟು ಕೆಲಸ ಆದರ, ನಾಳಿಗೆ ನಾ ಮತ್ತ ಸಾತಪುರಕ್ಕ ಬುಟ್ಟಿ ಹೊರಾಕ ಹೋಗಬೇಕಾಗ್ತದ."

ಸಾತಪುರದಲ್ಲಿ ಕಾರ್ಖಾನೆಯ ಶೆಡ್ಡುಗಳು ಏಳುವಾಗ ಅವಳು ವರ್ಷಗಟ್ಟಲೆ ಕಾಂಕ್ರೀಟು ಹೊತ್ತವಳು. ಗಂಡನೊಂದು ಕಡೆ, ತಾನೊಂದು ಕಡೆ. ಮತ್ತೆ ಆ ಬಾಳು ಬೇಡವೆಂದೇ ಬ್ಲೇಡನ್ನು ಬಿಡದೆ ಹಿಡಿದಿದ್ದಳು. ಆದರೂ ಹರಿದಾಸರು ಹತ್ತಲು ಬಿಡಲಿಲ್ಲ.

ಮೊದಲು ಈರುಳ್ಳಿಯ ಗೋಣಿಚೀಲಗಳಿಗೆ ಮೊರಂ ತುಂಬಿ ಬ್ಲೇಡಿನ ಮೇಲೆ ಕಟ್ಟಿದರು. ಒಂದು ಸುತ್ತು ಮುಗಿಯುವಷ್ಟರಲ್ಲಿ ಚೀಲಗಳು ಹರಿದು, ಹೆರೆದ ಮಣ್ಣಿಗಿಂತ ಸುರಿದ ಮಣ್ಣೇ ಹೆಚ್ಚಾಯಿತು. ಅಡುಗೆಯ ಸುಧಾಕರ ಬಾಗಿಲಲ್ಲಿ ನಿಂತು ನಗಾಡಿದ. "ಚನ್ನಮ್ಮಕ್ಕ, ನಿಮ್ಮಷ್ಟು ಭಾರದವರು ಇಲ್ಲಿ ಯಾರೂ ಇಲ್ಲ ಬಿಡಿ! ಬೇಕಿದ್ದರೆ ನಮ್ಮ ಹಳೇ ರುಬ್ಬುವ ಕಲ್ಲನ್ನು ಕೂರಿಸಿ."

"ನಿನ್ನ ಇಡ್ಲಿ ತಿಂದರ ನಾ ಇನ್ನೂ ಭಾರ ಆಗ್ತೀನಿ ತಮ್ಮಾ, ಹೊಟ್ಟ್ಯಾಗ ಕರಗಂಗಿಲ್ಲ ಅವು!"

ತಮಾಷೆಯ ಮಾತೇ ಹರಿದಾಸರಿಗೆ ಹಿಡಿಸಿತು. ವಿದ್ಯುತ್ ಗ್ರೈಂಡರು ಬಂದಂದಿನಿಂದ ಒಗೆಯುವ ಕಲ್ಲಿನ ಬಳಿ ಎರಡು ದೊಡ್ಡ ಒರಳುಗಳು ಬಿದ್ದಿದ್ದವು. ಎಲ್ಲರೂ ಸೇರಿ ಎತ್ತಿ, ಬ್ಲೇಡಿನ ಚೌಕಟ್ಟಿಗೆ ಸರಪಳಿಯಿಂದ ಬಿಗಿದರು. ಈ ಸಲ ಬ್ಲೇಡು ಕುಣಿಯಲಿಲ್ಲ. ಆದರೆ ವಿಚಿತ್ರವೆಂದರೆ, ನೆಲವೂ ಸಮವಾಗಲಿಲ್ಲ. ಮೆತ್ತಗಿದ್ದ ಕಡೆ ಹಳ್ಳ ಬಿತ್ತು. ಗಟ್ಟಿ ಇದ್ದ ಕಡೆ ಬರೀ ಗೀರು.

"ಚನ್ನಮ್ಮ ನಿಂತಾಗ ಹೀಗೆ ಆಗಲಿಲ್ಲವಲ್ಲ! ಇವುಗಳ ಭಾರ ಹೆಚ್ಚೇ ಇದೆ, ಆದರೂ ಯಾಕೆ?" ಹರಿದಾಸರಿಗೆ ಅದೇ ಗುಂಗು.

ಚನ್ನಮ್ಮ ಹಳ್ಳದ ಬಳಿ ಕುಳಿತು ಯೋಚಿಸಿದಳು. ಬ್ಲೇಡಿನ ಮೇಲೆ ನಿಂತು ಏನು ಮಾಡುತ್ತೀಯೆಂದು ಈವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ. "ನಾ ಸುಮ್ಮನ ನಿಂದರ್ತಿದ್ದಿಲ್ರಿ," ಎಂದಳು ನಿಧಾನವಾಗಿ. "ಕಾಲಾಗ ನಡುಗಿದರ ಗಟ್ಟಿ ನೆಲ ಅಂತ ಗೊತ್ತಾಗ್ತದ. ಆ ಕಡೆ ವಾಲಿ ಒತ್ತತಿದ್ದೆ. ಮೆತ್ತಗಾದರ ಮೈ ಹಗುರ ಮಾಡ್ತಿದ್ದೆ. ಕಲ್ಲಿಗೆ ಅದು ಹ್ಯಾಂಗ ತಿಳೀಬೇಕು?"

"ಮತ್ತ ಈಗ?" ಎಂದ ಅಮಸಿದ್ದ.

ಅವಳು ಚಪ್ಪಲಿ ಬಿಟ್ಟು, ಹಿಮ್ಮಡಿಯಿಂದ ನೆಲ ಕುಟ್ಟುತ್ತ ಜಾಗದ ತುಂಬ ನಡೆದಳು. ಗಟ್ಟಿ ಎನಿಸಿದಲ್ಲೆಲ್ಲ ಸುಣ್ಣದ ಪುಡಿಯಿಂದ ವೃತ್ತ ಬರೆದಳು. ಸಂಜೆ ಆ ವೃತ್ತಗಳಿಗಷ್ಟೇ ನೀರು ಹಾಯಿಸಿದರು. ಮಾರನೆಯ ಬೆಳಿಗ್ಗೆ ನೆನೆದ ಮೊರಂ ಹದವಾಗಿತ್ತು. ಒರಳು ಹೊತ್ತ ಬ್ಲೇಡು ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ಮಣ್ಣು ಸುತ್ತಿಕೊಂಡು ಹೋಯಿತು. ಆದರೂ ಅಮಸಿದ್ದ ಬ್ಲೇಡು ಎತ್ತಿಳಿಸುವ ಲಿವರನ್ನು ಒಮ್ಮೆ ತಡವಾಗಿ ಎಳೆಯುತ್ತಿದ್ದ, ಒಮ್ಮೆ ಬೇಗ. ಪಕ್ಕದಲ್ಲಿ ನಡೆಯುತ್ತಿದ್ದ ಚನ್ನಮ್ಮ "ಈಗ ಎತ್ತರಿ! ಈಗಲ್ಲರೀ, ಆಗ!" ಎಂದು ಕೂಗಿ ಕೂಗಿ ಗಂಟಲು ಒಣಗಿಸಿಕೊಂಡಳು.

ಕಡೆಗೆ ಅವನು ಎಂಜಿನ್ ಆರಿಸಿ ಇಳಿದುಬಿಟ್ಟ. "ಹೊಲದಾಗ ಟ್ರ್ಯಾಕ್ಟರ್ ಹೊಡಿಯೋದು ನಾನ ಕಲಿಸೀನಲ್ಲ? ಬಾ, ನೀನ ಕುಂದ್ರು. ನಾ ನೀರು ಹಾಕ್ತೀನಿ."

"ಮಂದಿ ನಗ್ತಾರ್ರೀ."

"ಬ್ಲೇಡಿನ ಮ್ಯಾಲ ನಿಂತಾಗ ನಗಲಿಲ್ಲೇನು?"

ಚನ್ನಮ್ಮ ಸೀಟು ಹತ್ತಿ, ಉಳಿದ ಜಾಗವನ್ನು ತಾನೇ ಸಮ ಮಾಡಿದಳು. ಆ ಮಳೆಗಾಲದಲ್ಲಿ ಹರಿದಾಸರ ಹಿತ್ತಲಲ್ಲಿ ಒಂದು ಕಡೆಯೂ ನೀರು ನಿಲ್ಲಲಿಲ್ಲ. ಒರಳುಗಳನ್ನು ಅವರು ವಾಪಸು ಕೇಳಲೂ ಇಲ್ಲ.

ಈಚೆಗೆ ಗಂಡ ಹೆಂಡತಿ ಸಂಭಾಜಿನಗರದ ಕಡೆಗೆ ಹೋಗಿ, ಕನ್ನಡ ಎಂದೇ ಹೆಸರಿರುವ ತಾಲ್ಲೂಕಿನ ಊರಲ್ಲಿ ಮೆಕ್ಕೆಜೋಳ ಒಣಗಿಸುವ ಕಣಗಳನ್ನು ಸಮ ಮಾಡುತ್ತಿದ್ದಾರೆ. ಚನ್ನಮ್ಮ ಲೈಸೆನ್ಸು ಮಾಡಿಸಿಕೊಂಡಿದ್ದಾಳೆ. ಮೊನ್ನೆ ಹರಿದಾಸರು ಯೋಗಕ್ಷೇಮ ವಿಚಾರಿಸಲು ಫೋನು ಮಾಡಿದಾಗ ಎತ್ತಿದವನು ಅಮಸಿದ್ದ.

"ಆಕಿ ಈಗ ಮಾತಾಡಂಗಿಲ್ರೀ ಅಣ್ಣಾರ," ಎಂದ. ಹಿಂದೆ ಎಂಜಿನ್ನಿನ ಸದ್ದು. "ಟ್ರ್ಯಾಕ್ಟರ್ ಮ್ಯಾಲ ಅದಾಳ. ನನಗ ನೀರಿನ ಪೈಪ್ ಸರಸು ಅಂತ ಒದರಾಕತ್ಯಾಳ, ಫೋನ್ ಇಡ್ಲ್ಯಾ?"